ಹಳೆಯ ಕಾರಿಗೆ ಹೊಸ ಹೃದಯ ಕೊಟ್ಟ ಎಂಜಿನಿಯರ್: ಝೋರಾ ಆರ್ಕಸ್-ಡಂಟೋವ್

ಅಮೆರಿಕದ ಮೋಟಾರು ಪ್ರಿಯರಲ್ಲಿ ಇಂದು ಎರಡು ಪಂಗಡಗಳಿವೆ. ಅರವತ್ತರ ದಶಕದ ಕಾರನ್ನು ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ, ಒಂದು ತಿರುಪುಮೊಳೆಯನ್ನೂ ಬದಲಿಸದೆ ಕಾಪಾಡಬೇಕೆನ್ನುವುದು ಒಂದು ಪಂಗಡ. ಹೊರಗಿನ ಚೆಲುವನ್ನು ಹಾಗೆಯೇ ಉಳಿಸಿಕೊಂಡು, ಒಳಗೆ ಈ ಕಾಲದ ಎಂಜಿನ್, ಬ್ರೇಕ್, ಸಸ್ಪೆನ್ಷನ್ ಜೋಡಿಸಿ ಓಡಿಸಬೇಕೆನ್ನುವುದು ಇನ್ನೊಂದು. ಎರಡನೆಯವರು ಸಿದ್ಧಪಡಿಸುವ ಕಾರುಗಳಿಗೆ ರೆಸ್ಟೋಮಾಡ್ ಎಂಬ ಹೆಸರು ಬಿದ್ದಿದೆ. ಇವರಿಬ್ಬರೂ ಒಂದೇ ಗೌರವದಿಂದ ನೆನೆಯುವ ಹೆಸರು ಒಂದಿದೆ. ಅದೇ ಝೋರಾ ಆರ್ಕಸ್-ಡಂಟೋವ್.

ಷೆವರ್ಲೆ ಕಂಪನಿಯ ಕಾರ್ವೆಟ್ ಕಾರಿನ ಜನಕ ಎಂದು ಜಗತ್ತು ಅವರನ್ನು ಕರೆಯುತ್ತದೆ. ವಾಸ್ತವದಲ್ಲಿ ಆ ಕಾರನ್ನು ರೂಪಿಸಿದವರು ಅವರಲ್ಲ. ಹುಟ್ಟಿದ ಎರಡೇ ವರ್ಷಕ್ಕೆ ಉಸಿರು ನಿಲ್ಲಿಸುವ ಸ್ಥಿತಿಯಲ್ಲಿದ್ದ ಕೂಸನ್ನು ಎತ್ತಿಕೊಂಡು ಸಾಕಿದವರು ಅವರು. ಹೆತ್ತವರಿಗಿಂತ ಸಾಕಿದವರ ಹೆಸರೇ ಉಳಿದ ಅಪರೂಪದ ಪ್ರಸಂಗ ಇದು.

ಎರಡು ತಂದೆಯರ ಹೆಸರು

ಝೋರಾ ಜನಿಸಿದ್ದು 1909ರ ಡಿಸೆಂಬರ್ 25ರಂದು, ಬೆಲ್ಜಿಯಂನ ಬ್ರಸೆಲ್ಸ್ ನಗರದಲ್ಲಿ. ತಂದೆ ತಾಯಿ ಇಬ್ಬರೂ ರಷ್ಯಾದ ಯಹೂದಿಗಳು. ತಂದೆ ಗಣಿ ಎಂಜಿನಿಯರ್, ತಾಯಿ ವೈದ್ಯಕೀಯ ವಿದ್ಯಾರ್ಥಿನಿ. ಕೆಲಕಾಲದ ನಂತರ ಕುಟುಂಬ ತಾಯ್ನಾಡಿನ ಸೇಂಟ್ ಪೀಟರ್ಸ್‌ಬರ್ಗ್ ನಗರಕ್ಕೆ ಮರಳಿತು. ಬಾಲಕ ಝೋರಾ ಕಣ್ಣು ಬಿಟ್ಟು ಜಗತ್ತನ್ನು ನೋಡುವ ವೇಳೆಗೆ ಅಲ್ಲಿ ಮಹಾಯುದ್ಧ, ಕ್ರಾಂತಿ, ಹಸಿವು ಒಂದರ ಹಿಂದೊಂದು ಬಂದು ಹೋಗಿದ್ದವು. ದೊಡ್ಡವನಾದ ಮೇಲೆ ಟ್ರಾಮ್ ಓಡಿಸಬೇಕೆಂಬುದು ಆ ದಿನಗಳ ಅವರ ಮಹದಾಸೆಯಾಗಿತ್ತು.

ತಂದೆ ತಾಯಿ ವಿಚ್ಛೇದನ ಪಡೆದರು. ತಾಯಿಯ ಬಾಳಸಂಗಾತಿಯಾಗಿ ಜೋಸೆಫ್ ಡಂಟೋವ್ ಮನೆಗೆ ಬಂದರು. ಆದರೆ ತಂದೆ ಆರ್ಕಸ್ ಕೂಡ ಅದೇ ಮನೆಯಲ್ಲಿಯೇ ಉಳಿದರು! ಒಂದೇ ಸೂರಿನಡಿ ಬಾಳಿದ ಇಬ್ಬರನ್ನೂ ಗೌರವಿಸಿದ ಝೋರಾ ಮತ್ತು ತಮ್ಮ ಯೂರಾ, ಇಬ್ಬರ ಹೆಸರನ್ನೂ ತಮ್ಮ ಹೆಸರಿನ ಮುಂದೆ ಜೋಡಿಸಿಕೊಂಡರು. ಆರ್ಕಸ್-ಡಂಟೋವ್ ಎಂಬ ಜೋಡಿ ಹೆಸರಿನ ಹಿನ್ನೆಲೆ ಇದು.

1927ರಲ್ಲಿ ಕುಟುಂಬ ಬರ್ಲಿನ್‌ಗೆ ವಲಸೆ ಹೋಯಿತು. ತರುಣ ಝೋರಾಗೆ ಅಲ್ಲಿ ದೊರೆತ ಮೊದಲ ವಾಹನ 350 ಸಿ.ಸಿ. ಮೋಟಾರ್ ಸೈಕಲ್. ಅದರ ಮೇಲೆ ಬೀದಿ ಬೀದಿ ಹಾರಾಡುತ್ತಿದ್ದ ಮಗನನ್ನು ಕಂಡು ಹೆದರಿದ ಹೆತ್ತವರು, ನಾಲ್ಕು ಚಕ್ರದ್ದಾದರೆ ಸುರಕ್ಷಿತವೆಂದು ಭಾವಿಸಿ ಬೈಕ್ ಬಿಡಿಸಿ ಕಾರು ಕೊಳ್ಳುವಂತೆ ಒಪ್ಪಿಸಿದರು. ಮಗ ಕೊಂಡು ತಂದದ್ದು ಬಾಬ್ ಎಂಬ ಹೆಸರಿನ ಹಳೆಯ ರೇಸಿಂಗ್ ಕಾರು! 1934ರಲ್ಲಿ ಬರ್ಲಿನ್‌ನ ಷಾರ್ಲಟನ್‌ಬರ್ಗ್ ತಾಂತ್ರಿಕ ವಿದ್ಯಾಸಂಸ್ಥೆಯಿಂದ ಎಂಜಿನಿಯರಿಂಗ್ ಪದವಿ ಪಡೆದರು. ಜರ್ಮನಿಯ ಮೋಟಾರು ಪತ್ರಿಕೆಯೊಂದಕ್ಕೆ ತಾಂತ್ರಿಕ ಲೇಖನಗಳನ್ನೂ ಬರೆಯತೊಡಗಿದರು.

ಯುದ್ಧದ ಕರಿನೆರಳು

ಅಷ್ಟರಲ್ಲಿ ಜರ್ಮನಿ ಹಿಟ್ಲರನ ವಶವಾಗಿತ್ತು. ಯಹೂದಿ ಮೂಲದ ತರುಣನಿಗೆ ಅಲ್ಲಿ ಭವಿಷ್ಯವಿರಲಿಲ್ಲ. 1939ರಲ್ಲಿ, ಎರಡನೇ ಮಹಾಯುದ್ಧ ಆರಂಭವಾಗುವ ಹೊತ್ತಿನಲ್ಲಿ, ಜರ್ಮನಿಯ ನೃತ್ಯಗಾತಿ ಎಲ್ಫಿ ವೋಲ್ಫ್ ಅವರನ್ನು ಝೋರಾ ಫ್ರಾನ್ಸ್‌ನಲ್ಲಿ ವಿವಾಹವಾದರು. ಪ್ಯಾರಿಸ್‌ನ ಪ್ರಸಿದ್ಧ ಫೋಲಿ ಬರ್ಜೇರ್ ರಂಗಮಂದಿರದಲ್ಲಿ ಎಲ್ಫಿ ನರ್ತಿಸುತ್ತಿದ್ದರು. ಮದುವೆಯ ಬೆನ್ನಲ್ಲೇ ಝೋರಾ ಮತ್ತು ಯೂರಾ ಸಹೋದರರು ಫ್ರಾನ್ಸ್‌ನ ವಾಯುಪಡೆ ಸೇರಿದರು.

1940ರಲ್ಲಿ ಫ್ರಾನ್ಸ್ ಶರಣಾಯಿತು. ದಕ್ಷಿಣದಲ್ಲಿದ್ದ ಝೋರಾ, ಮಾರ್ಸೇ ನಗರದ ಸ್ಪೇನ್ ದೂತಾವಾಸದಿಂದ ತಮ್ಮ ಇಡೀ ಕುಟುಂಬಕ್ಕೆ ದೇಶ ಬಿಡುವ ರಹದಾರಿ ಪಡೆಯುವಲ್ಲಿ ಯಶಸ್ವಿಯಾದರು. ಆದರೆ ಪತ್ನಿ ಎಲ್ಫಿ ಇನ್ನೂ ಪ್ಯಾರಿಸ್‌ನಲ್ಲಿದ್ದರು. ನಾಜಿ ಪಡೆಗಳು ನಗರದ ಬಾಗಿಲಿಗೆ ಬರುತ್ತಿರುವಾಗ ಆಕೆ ತಮ್ಮ ಪುಟ್ಟ ಎಂ.ಜಿ. ಕಾರನ್ನೇರಿ ಬೋರ್ಡೋ ನಗರದತ್ತ ಧಾವಿಸಿದರು. ಇತ್ತ ಸಹೋದರರಿಬ್ಬರೂ ವೇಶ್ಯಾಗೃಹವೊಂದರಲ್ಲಿ ಅಡಗಿ ಕುಳಿತಿದ್ದರು. ಐದು ದಿನಗಳ ನಂತರ ದಂಪತಿ ಒಂದುಗೂಡಿದರು. ಬಳಿಕ ಕುಟುಂಬವೆಲ್ಲ ಪೋರ್ಚುಗಲ್ ತಲುಪಿ, ನ್ಯೂಯಾರ್ಕ್‌ನತ್ತ ಹೊರಟ ಹಡಗು ಹತ್ತಿತು. ಉಳಿದದ್ದು ಜೀವ ಮತ್ತು ಕಲಿತ ವಿದ್ಯೆ, ಇವೆರಡೇ.

ಫೋರ್ಡ್ ಎಂಜಿನ್‌ಗೆ ಹೊಸ ತಲೆ

ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನಲ್ಲಿ ಸಹೋದರರು ಆರ್ಡನ್ ಎಂಬ ಕಾರ್ಖಾನೆ ತೆರೆದರು. ಆರ್ಕಸ್ ಮತ್ತು ಡಂಟೋವ್ ಹೆಸರುಗಳ ಮೊದಲ ಅಕ್ಷರಗಳನ್ನು ಬೆಸೆದು ಮಾಡಿದ ಹೆಸರದು. ಯುದ್ಧಕಾಲದಲ್ಲಿ ಮಿತ್ರಪಡೆಗಳಿಗಾಗಿ ಯುದ್ಧಸಾಮಗ್ರಿ ತಯಾರಿಸಿದ ಈ ಕಾರ್ಖಾನೆ 300 ಮಂದಿಗೆ ಉದ್ಯೋಗ ನೀಡುವಷ್ಟು ಬೆಳೆಯಿತು.

ಯುದ್ಧ ಮುಗಿದ ಮೇಲೆ ಡಂಟೋವ್ ಅವರ ಕಣ್ಣು ಬಿದ್ದದ್ದು ಫೋರ್ಡ್ ವಿ-8 ಎಂಜಿನ್ ಮೇಲೆ. 1932ರಲ್ಲಿ ಹೆನ್ರಿ ಫೋರ್ಡ್ ಅಗ್ಗದ ದರದಲ್ಲಿ ಜನಸಾಮಾನ್ಯರ ಕೈಗೆ ನೀಡಿದ ಎಂಟು ಸಿಲಿಂಡರ್‌ಗಳ ಎಂಜಿನ್ ಇದು. ಹಳೆಯ ಫೋರ್ಡ್ ಕೊಂಡು ಬಿಚ್ಚಿ ಕಟ್ಟಿ ವೇಗ ಹೆಚ್ಚಿಸುವ ಹಾಟ್‌ರಾಡ್ ಹುಡುಗರ ಪಾಲಿಗೆ ಇದೇ ಕುಲದೈವ. ಆದರೆ ಒಂದು ಹುಟ್ಟುದೋಷವಿತ್ತು. ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲೇ, ಎಂಜಿನ್‌ನ ಒಡಲಲ್ಲೇ ಇದ್ದವು. ಉರಿದ ಬಿಸಿ ಅನಿಲ ಆ ಒಡಲನ್ನೇ ಹಾದು ಹೊರಹೋಗಬೇಕಿತ್ತು. ಇದರಿಂದಾಗಿ, ಭಾರ ಹೊತ್ತು ಏರು ಹತ್ತುವ ಲಾರಿಗಳಲ್ಲಿ ಎಂಜಿನ್ ಕಾದು ಕೆಂಡವಾಗುತ್ತಿತ್ತು.

ಇದಕ್ಕೆ ಡಂಟೋವ್ ಸಹೋದರರು 1947ರಲ್ಲಿ ಪರಿಹಾರ ತಂದರು. ಅದು ಅಲ್ಯುಮಿನಿಯಂನ ಹೊಸ ಸಿಲಿಂಡರ್ ಹೆಡ್. ವಾಲ್ವ್‌ಗಳು ಪಕ್ಕದಿಂದ ನೆತ್ತಿಗೆ ಬಂದವು. ಇಂಧನ ಉರಿಯುವ ಕೋಣೆ ಅರ್ಧಗೋಳದ ಆಕಾರ ತಳೆಯಿತು. ಹೊಗೆ ಒಡಲಿಗೆ ಹೋಗದೆ ನೇರವಾಗಿ ಹೊರಬಿತ್ತು. ಗಾಳಿ ಸರಾಗವಾಗಿ ಒಳಬಂದು ಹೊರಹೋದಂತೆ ಶಕ್ತಿಯೂ ಏರಿತು. ಫೋರ್ಡ್‌ನ ಮೂಲ ಎಂಜಿನ್ ಹಾಗೆಯೇ ಉಳಿಯಿತು. ಅದರ ಕ್ಯಾಮ್‌ಶಾಫ್ಟ್ ಕೂಡ ಬದಲಾಗಲಿಲ್ಲ. ಮೇಲಿನ ತಲೆಯಷ್ಟೇ ಹೊಸದು. ಹಳತನ್ನು ಎಸೆಯದೆ, ಅದರ ದೋಷ ಎಲ್ಲಿದೆಯೆಂದು ಹುಡುಕಿ ಅಲ್ಲಿಗಷ್ಟೇ ಹೊಸ ಭಾಗ ಜೋಡಿಸುವ ಈ ವಿಧಾನವೇ ಡಂಟೋವ್ ಅವರ ಮುಂದಿನ ಬದುಕಿನ ಮಂತ್ರವಾಯಿತು.

ವ್ಯಾಪಾರವಾಗಿ ಮಾತ್ರ ಆರ್ಡನ್ ಸೋತಿತು. ಬೆಲೆ ದುಬಾರಿ, ಕೊಳ್ಳುವವರು ಕಡಿಮೆ. ಕಂಪನಿ ಬಾಗಿಲು ಮುಚ್ಚಿತು. ವಿಪರ್ಯಾಸವೆಂದರೆ, ಲಾರಿಗಳಿಗಾಗಿ ಹುಟ್ಟಿದ ಆ ಹೆಡ್‌ಗಳು ಮುಂದೆ ಕ್ಯಾಲಿಫೋರ್ನಿಯಾದ ವೇಗಪ್ರಿಯರ ಕೈ ಸೇರಿ ಬಾನ್‌ವಿಲ್ ಉಪ್ಪು ಬಯಲಿನ ಓಟಗಳಲ್ಲಿ ಮಿಂಚಿದವು. ಮೂಲ ಆರ್ಡನ್ ಹೆಡ್ ಇಂದು ಸಂಗ್ರಾಹಕರ ಪಾಲಿಗೆ ನಿಧಿ.

ಒಂದು ಪ್ರದರ್ಶನ, ಒಂದು ಪತ್ರ

ಕೆಲಸ ಅರಸಿ ಇಂಗ್ಲೆಂಡಿಗೆ ಹೋದ ಡಂಟೋವ್, ಅಲಾರ್ಡ್ ಎಂಬ ಸಣ್ಣ ಸ್ಪೋರ್ಟ್ಸ್ ಕಾರು ಕಂಪನಿಯಲ್ಲಿ ದುಡಿದರು. ಇಂಗ್ಲಿಷ್ ಚಾಸಿಗೆ ಅಮೆರಿಕದ ದೊಡ್ಡ ವಿ-8 ಎಂಜಿನ್ ಕೂರಿಸುವುದೇ ಅಲಾರ್ಡ್‌ನ ವೈಶಿಷ್ಟ್ಯ. 1952ರಲ್ಲಿ ಅದೇ ಕಂಪನಿಯ ಕಾರಿನಲ್ಲಿ ಫ್ರಾನ್ಸ್‌ನ ಲೆ ಮಾನ್ 24 ಗಂಟೆಗಳ ರೇಸಿಗೂ ಇಳಿದರು.

1953ರ ಜನವರಿಯಲ್ಲಿ ನ್ಯೂಯಾರ್ಕ್‌ನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆ ತನ್ನ ಹೊಸ ಕಾರುಗಳ ಪ್ರದರ್ಶನ ಏರ್ಪಡಿಸಿತ್ತು. ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲೆ ಅರ್ಲ್ ಅವರ ಕನಸಾಗಿದ್ದ ಫೈಬರ್ ಗ್ಲಾಸ್ ಮೈಯ ಕಾರ್ವೆಟ್ ಅಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡಿತು. ಅದನ್ನು ಕಂಡ ಡಂಟೋವ್ ಬೆರಗಾದರು. ಆದರೆ ಬಾನೆಟ್ ಕೆಳಗಿದ್ದದ್ದು ಆರು ಸಿಲಿಂಡರ್‌ಗಳ 150 ಅಶ್ವಶಕ್ತಿಯ ಹಳೆಯ ಎಂಜಿನ್. ಗಿಯರ್‌ಗಳು ಎರಡೇ, ಅವೂ ಸ್ವಯಂಚಾಲಿತ. ರೂಪ ರಾಜಕುಮಾರನದು, ಗುಂಡಿಗೆ ಗುಮಾಸ್ತನದು ಎಂಬಂತಿತ್ತು ಸ್ಥಿತಿ.

ಷೆವರ್ಲೆಯ ಮುಖ್ಯ ಎಂಜಿನಿಯರ್ ಎಡ್ ಕೋಲ್ ಅವರಿಗೆ ಡಂಟೋವ್ ಪತ್ರ ಬರೆದರು. ಕಾರೊಂದರ ಗರಿಷ್ಠ ವೇಗವನ್ನು ಲೆಕ್ಕದಿಂದಲೇ ಕಂಡುಹಿಡಿಯುವ ವಿಧಾನದ ಕುರಿತ ತಮ್ಮ ಪ್ರಬಂಧವನ್ನೂ ಜೊತೆಗಿರಿಸಿದರು. ಕರೆ ಬಂತು. 1953ರ ಮೇ 1ರಂದು ಸಹಾಯಕ ಎಂಜಿನಿಯರ್ ಆಗಿ ಕೆಲಸಕ್ಕೆ ಸೇರಿದರು. ಸೇರಿದ ಕೆಲವೇ ವಾರಗಳಲ್ಲಿ ಮತ್ತೆ ಲೆ ಮಾನ್ ರೇಸಿಗೆ ಹೊರಟು ನಿಂತು ಮೇಲಧಿಕಾರಿಗಳ ಅಸಮಾಧಾನಕ್ಕೂ ಗುರಿಯಾದರು.

ದಾರಿ ತೋರಿದ ಟಿಪ್ಪಣಿ

1953ರ ಡಿಸೆಂಬರ್‌ನಲ್ಲಿ ಅವರು ಮೇಲಧಿಕಾರಿಗಳಿಗೆ ಸಲ್ಲಿಸಿದ ಟಿಪ್ಪಣಿಯೊಂದು ಅಮೆರಿಕದ ಮೋಟಾರು ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಯುವಜನ, ಹಾಟ್‌ರಾಡ್ ಹವ್ಯಾಸಿಗಳು ಮತ್ತು ಷೆವರ್ಲೆ ಎಂಬುದು ಅದರ ವಿಷಯ. ಡಂಟೋವ್ ಅವರ ವಾದ ಸರಳವಾಗಿತ್ತು. ಹುಡುಗರು ಓದುವ ಪತ್ರಿಕೆಗಳ ತುಂಬ ಫೋರ್ಡ್ ತುಂಬಿಕೊಂಡಿದೆ. ಇಂದು ಹಳೆಯ ಫೋರ್ಡ್ ಬಿಚ್ಚಿ ಕಟ್ಟುವ ಹುಡುಗ, ನಾಳೆ ಸಂಬಳ ಬಂದಾಗ ಕೊಳ್ಳುವುದೂ ಹೊಸ ಫೋರ್ಡನ್ನೇ. ಷೆವರ್ಲೆಯ ಹೊಸ ವಿ-8 ಎಂಜಿನ್ ಬಂದಮಾತ್ರಕ್ಕೆ ಈ ನಿಷ್ಠೆ ಬದಲಾಗದು. ಆದ್ದರಿಂದ ವೇಗ ಹೆಚ್ಚಿಸುವ ಕ್ಯಾಮ್‌ಶಾಫ್ಟ್, ವಾಲ್ವ್, ಸ್ಪ್ರಿಂಗ್, ಪಿಸ್ಟನ್ ಮೊದಲಾದ ಭಾಗಗಳನ್ನು ಕಂಪನಿಯೇ ಪರೀಕ್ಷಿಸಿ, ಸಿದ್ಧಪಡಿಸಿ ಜನರಿಗೆ ಮಾರಬೇಕು. ಕಂಪನಿ ಬಯಸಲಿ ಬಿಡಲಿ, ಜನ ಕಾರ್ವೆಟ್ಟನ್ನು ರೇಸಿಗೆ ಇಳಿಸಿಯೇ ತೀರುತ್ತಾರೆ. ಹಾಗಿದ್ದ ಮೇಲೆ ಗೆಲ್ಲಲು ಬೇಕಾದ ಭಾಗಗಳನ್ನು ಕೊಡುವುದೇ ಜಾಣತನ.

ಆ ಹೊತ್ತಿಗೆ ಕಾರ್ವೆಟ್ ಅಳಿವಿನ ಅಂಚಿನಲ್ಲಿತ್ತು. 1954ರಲ್ಲಿ ತಯಾರಾದ 3,640 ಕಾರುಗಳಲ್ಲಿ ನೂರಾರು ಮಾರಾಟವಾಗದೆ ಉಳಿದವು. 1955ರಲ್ಲಿ ತಯಾರಾದದ್ದು ಕೇವಲ 700. ಫೋರ್ಡ್ ಕಂಪನಿ ಥಂಡರ್‌ಬರ್ಡ್ ಕಾರನ್ನು ಹೊರತರುತ್ತಿರುವಾಗ ಕಣ ಬಿಟ್ಟು ಓಡಿದರೆ ಸೋಲೊಪ್ಪಿದಂತಾಗುತ್ತದೆ ಎಂದು ಡಂಟೋವ್ ಮತ್ತೊಂದು ಟಿಪ್ಪಣಿಯಲ್ಲಿ ಎಚ್ಚರಿಸಿದರು. 1955ರಲ್ಲಿ ಎಡ್ ಕೋಲ್ ತಂಡದ ಹೊಸ ವಿ-8 ಎಂಜಿನ್ ಕಾರ್ವೆಟ್ ಸೇರಿತು. ಶಕ್ತಿ 195 ಅಶ್ವಬಲಕ್ಕೆ ಏರಿತು. ಕೂಸು ಬದುಕಿಕೊಂಡಿತು.

ಬೆಟ್ಟ, ಕಡಲತೀರ ಮತ್ತು ಮುರಿದ ಬೆನ್ನು

ಡಂಟೋವ್ ಮೇಜಿನ ಮುಂದೆ ಕುಳಿತು ನಕ್ಷೆ ಬಿಡಿಸುವವರಷ್ಟೇ ಆಗಿರಲಿಲ್ಲ. ತಾವು ರೂಪಿಸಿದ್ದನ್ನು ತಾವೇ ಓಡಿಸಿ ತೋರುತ್ತಿದ್ದರು. 1955ರ ಸೆಪ್ಟೆಂಬರ್‌ನಲ್ಲಿ, ಮಾರುಕಟ್ಟೆಗೆ ಇನ್ನೂ ಬಾರದ ಷೆವರ್ಲೆ ಕಾರನ್ನು ಗುರುತು ಸಿಗದಂತೆ ಮರೆಮಾಚಿ ಕೊಲೊರಾಡೋದ ಪೈಕ್ಸ್ ಪೀಕ್ ಪರ್ವತ ಏರಿದರು. ಸುಮಾರು 20 ಕಿ.ಮೀ. ಉದ್ದದ ಆ ತಿರುವುಗಳ ಮಣ್ಣು ಹಾದಿಯನ್ನು 17 ನಿಮಿಷ 24 ಸೆಕೆಂಡುಗಳಲ್ಲಿ ಕ್ರಮಿಸಿ ಹಳೆಯ ದಾಖಲೆಯನ್ನು ಸುಮಾರು ಎರಡು ನಿಮಿಷಗಳಷ್ಟು ಅಳಿಸಿಹಾಕಿದರು. 1956ರ ಜನವರಿಯಲ್ಲಿ ಫ್ಲಾರಿಡಾದ ಡೇಟೋನಾ ಕಡಲತೀರದ ಮರಳ ಮೇಲೆ ಕಾರ್ವೆಟ್ ಓಡಿಸಿ ಗಂಟೆಗೆ 150 ಮೈಲಿ, ಅಂದರೆ 241 ಕಿ.ಮೀ. ವೇಗ ದಾಟಿದರು.

ಆ ವೇಗದ ಗುಟ್ಟು ಅವರೇ ರೂಪಿಸಿದ ಕ್ಯಾಮ್‌ಶಾಫ್ಟ್‌ನಲ್ಲಿತ್ತು. ವಾಲ್ವ್ ಎಷ್ಟು ಹೊತ್ತು ತೆರೆದಿರಬೇಕು, ಎಷ್ಟು ಎತ್ತರಕ್ಕೆ ಏಳಬೇಕು ಎಂಬುದನ್ನು ನಿರ್ಧರಿಸುವ ಉಬ್ಬುಗಳುಳ್ಳ ದಂಡ ಅದು. ಉಬ್ಬಿನ ಆಕಾರವನ್ನು ತುಸು ತಿದ್ದಿದ್ದರಿಂದ ಎಂಜಿನ್ ಇನ್ನಷ್ಟು ವೇಗವಾಗಿ ತಿರುಗುವ ಶಕ್ತಿ ಪಡೆಯಿತು. ಡಂಟೋವ್ ಕ್ಯಾಮ್ ಎಂಬ ಹೆಸರಿನಲ್ಲೇ ಅದು ಮೆಕ್ಯಾನಿಕ್‌ಗಳ ಬಾಯಲ್ಲಿ ಉಳಿಯಿತು. 1957ರಲ್ಲಿ ಇದರ ಜೊತೆಗೆ ಫ್ಯುಯೆಲ್ ಇಂಜೆಕ್ಷನ್ ಸೇರಿ, 283 ಘನ ಅಂಗುಲದ ಎಂಜಿನ್ 283 ಅಶ್ವಶಕ್ತಿ ನೀಡಿತು. ಘನ ಅಂಗುಲಕ್ಕೊಂದು ಅಶ್ವಶಕ್ತಿ ಎಂಬುದು ಆ ಕಾಲಕ್ಕೆ ಸಣ್ಣ ಸಾಧನೆಯಾಗಿರಲಿಲ್ಲ.

ಇದಿಷ್ಟೇ ಅಲ್ಲ, 1954 ಮತ್ತು 1955ರಲ್ಲಿ ಪೋರ್ಷೆ ಕಾರು ಓಡಿಸಿ ಲೆ ಮಾನ್‌ನ 1,100 ಸಿ.ಸಿ. ವಿಭಾಗದಲ್ಲಿ ಸತತ ಎರಡು ಬಾರಿ ಗೆದ್ದರು. 1955ರ ಆ ರೇಸಿನಲ್ಲೇ ಕಾರೊಂದು ಪ್ರೇಕ್ಷಕರ ಮೇಲೆರಗಿ 80ಕ್ಕೂ ಹೆಚ್ಚು ಮಂದಿ ಸಾವಿಗೀಡಾದರು. ವೇಗದ ಬೆಲೆಯನ್ನು ಡಂಟೋವ್ ಸ್ವತಃ ತೆತ್ತದ್ದು 1956ರಲ್ಲಿ. ಕಂಪನಿಯ ಪರೀಕ್ಷಾ ಪಥದಲ್ಲಿ ಕಾರ್ವೆಟ್ ಅಪಘಾತಕ್ಕೀಡಾಗಿ ಅವರ ಬೆನ್ನುಮೂಳೆ ಮುರಿಯಿತು. ಗುಣಮುಖರಾದವರೇ ಮತ್ತೆ ಕಾರ್ವೆಟ್‌ನ ಕೆಲಸಕ್ಕೆ ಮರಳಿದರು.

ನಿಷೇಧದ ನಡುವೆ

1957ರ ಮಾರ್ಚ್‌ನಲ್ಲಿ ಡಂಟೋವ್ ಕಟ್ಟಿದ ಕಾರ್ವೆಟ್ ಎಸ್‌ಎಸ್ ರೇಸ್ ಕಾರು ಸೀಬ್ರಿಂಗ್ ರೇಸಿನಲ್ಲಿ 23 ಸುತ್ತುಗಳ ನಂತರ ಕೈಕೊಟ್ಟಿತು. ಸುಧಾರಿಸಿ ಲೆ ಮಾನ್‌ಗೆ ಒಯ್ಯುವ ಮೊದಲೇ ಸಿಡಿಲೆರಗಿತು. ಆ ವರ್ಷದ ಜೂನ್‌ನಲ್ಲಿ ಅಮೆರಿಕದ ಮೋಟಾರು ತಯಾರಕರ ಸಂಘ, ಸದಸ್ಯ ಕಂಪನಿಗಳು ರೇಸಿನಿಂದ ದೂರ ಉಳಿಯಬೇಕೆಂದು ನಿರ್ಣಯಿಸಿತು. ಜನರಲ್ ಮೋಟಾರ್ಸ್ ತಲೆಬಾಗಿತು.

ಡಂಟೋವ್ ಪೂರ್ತಿ ತಲೆಬಾಗಲಿಲ್ಲ. ಕಂಪನಿ ರೇಸ್ ತಂಡ ಕಟ್ಟುವಂತಿರಲಿಲ್ಲ, ನಿಜ. ಆದರೆ ಗ್ರಾಹಕ ಬಯಸಿದರೆ ಬಲವಾದ ಬ್ರೇಕ್, ಗಟ್ಟಿಯಾದ ಸ್ಪ್ರಿಂಗ್, ದೊಡ್ಡ ಇಂಧನ ಟ್ಯಾಂಕ್ ಇವನ್ನು ಐಚ್ಛಿಕ ಭಾಗಗಳ ಪಟ್ಟಿಯಲ್ಲಿ ಸೇರಿಸಲು ಅಡ್ಡಿ ಇರಲಿಲ್ಲ. ಷೋರೂಮಿನಲ್ಲಿ ಕುಳಿತು ಪಟ್ಟಿಯಲ್ಲಿ ಗುರುತು ಹಾಕಿದರೆ ಸಾಕು, ರೇಸಿಗೆ ಸಿದ್ಧವಾದ ಕಾರು ಮನೆ ಬಾಗಿಲಿಗೆ ಬರುತ್ತಿತ್ತು. 1963ರ ಸ್ಟಿಂಗ್ ರೇ ಮಾದರಿಗೆ ದೊರೆತ ಝಡ್‌-06 ಪಟ್ಟಿ ಅಂಥದ್ದು. ಆ ವರ್ಷ ಅದನ್ನು ಪಡೆದವು ಕೇವಲ 199 ಕಾರುಗಳು.

ಸ್ಟಿಂಗ್ ರೇ ಡಂಟೋವ್ ಅವರ ಮಹತ್ಸಾಧನೆ. ಹಿಂದಿನ ಎರಡೂ ಚಕ್ರಗಳು ಪರಸ್ಪರ ಹಂಗಿಲ್ಲದೆ ಏಳುಬೀಳುವ ಸ್ವತಂತ್ರ ಸಸ್ಪೆನ್ಷನ್ ಅದಕ್ಕಿತ್ತು. ಅದರ ವಿನ್ಯಾಸದ ಕುರಿತು ಮಾತ್ರ ಬಿಲ್ ಮಿಚೆಲ್ ಅವರೊಡನೆ ಜಟಾಪಟಿ ನಡೆಯಿತು. ಹಾರ್ಲೆ ಅರ್ಲ್ ಅವರ ಸ್ಥಾನಕ್ಕೆ ಬಂದಿದ್ದ ಮಿಚೆಲ್, ಹಿಂದಿನ ಗಾಜನ್ನು ನಡುವೆ ಪಟ್ಟಿಯೊಂದರಿಂದ ಸೀಳಿದ್ದರು. ಹಿಂದಿನ ನೋಟಕ್ಕೆ ಅಡ್ಡಿಯಾಗುತ್ತದೆಂಬುದು ಡಂಟೋವ್ ಅವರ ಆಕ್ಷೇಪ. ಮೊದಲ ವರ್ಷ ಮಿಚೆಲ್ ಗೆದ್ದರು, 1964ರಲ್ಲಿ ಡಂಟೋವ್ ಗೆದ್ದರು. ಪಟ್ಟಿ ಮಾಯವಾಯಿತು. ಹಲವು ಮಾಲೀಕರು ತಮ್ಮ 1963ರ ಕಾರಿನ ಪಟ್ಟಿಯನ್ನೂ ಕತ್ತರಿಸಿ ಹೊಸ ಗಾಜು ಹಾಕಿಸಿಕೊಂಡರು. ಸೀಳುಗಾಜಿನ ಅದೇ ಕಾರು ಮುಂದೆ ಸಂಗ್ರಾಹಕರ ಕಣ್ಮಣಿಯಾದಾಗ ಕತ್ತರಿಸಿಕೊಂಡವರು ಕೈ ಕೈ ಹಿಸುಕಿಕೊಂಡರು. ಹಳೆಯ ಕಾರಿಗೆ ಹೊಸ ಭಾಗ ಹಾಕುವ ಮುನ್ನ ಎರಡು ಬಾರಿ ಯೋಚಿಸಬೇಕೆನ್ನುವವರು ಇಂದಿಗೂ ಕೊಡುವ ಉದಾಹರಣೆ ಇದು.

ಇದೇ ವೇಳೆ ಕ್ಯಾರೊಲ್ ಶೆಲ್ಬಿ ಅವರ ಕೋಬ್ರಾ ಕಾರುಗಳು ಕಣದಲ್ಲಿ ಕಾರ್ವೆಟ್ಟನ್ನು ಹಣಿಯುತ್ತಿದ್ದವು. ಉತ್ತರವಾಗಿ ಡಂಟೋವ್ ಗ್ರ್ಯಾಂಡ್ ಸ್ಪೋರ್ಟ್ ಎಂಬ ಹಗುರ ಕಾರ್ವೆಟ್ ರೂಪಿಸಿದರು. 125 ಕಾರು ಕಟ್ಟುವ ಯೋಜನೆಯದು. 1963ರ ಜನವರಿಯಲ್ಲಿ ಆಡಳಿತ ಮಂಡಳಿ ತಡೆಯೊಡ್ಡಿದಾಗ ಸಿದ್ಧವಾಗಿದ್ದವು ಐದೇ ಐದು. ಅವು ಖಾಸಗಿ ತಂಡಗಳ ಕೈ ಸೇರಿದವು. ಆ ವರ್ಷದ ಡಿಸೆಂಬರ್‌ನಲ್ಲಿ ಬಹಾಮಾಸ್‌ನ ನಸ್ಸೋದಲ್ಲಿ ಗ್ರ್ಯಾಂಡ್ ಸ್ಪೋರ್ಟ್‌ಗಳು ಕೋಬ್ರಾಗಳನ್ನು ಹಿಂದಿಕ್ಕಿದವು. ಷೆವರ್ಲೆಯ ಕೆಲವು ಎಂಜಿನಿಯರ್‌ಗಳು ಅದೇ ಸಮಯಕ್ಕೆ ರಜೆಯ ಮೇಲೆ ಅದೇ ದ್ವೀಪಕ್ಕೆ ಹೋಗಿದ್ದದ್ದು ಕೇವಲ ಕಾಕತಾಳೀಯವಾಗಿರಲಿಲ್ಲ!

1967ರಲ್ಲಿ ಬಂದ ಎಲ್‌-88 ಎಂಜಿನ್ ಈ ಹಾದಿಯ ಶಿಖರ. ಏಳು ಲೀಟರ್ ಗಾತ್ರ. ಕಾಗದದ ಮೇಲೆ 430 ಅಶ್ವಶಕ್ತಿ, ನಿಜದಲ್ಲಿ 500ಕ್ಕೂ ಮಿಗಿಲು. ಸಾಮಾನ್ಯರು ಕೊಳ್ಳದಿರಲೆಂದೇ ಶಕ್ತಿ ಕಡಿಮೆ ತೋರಿಸಿ, ಹೀಟರ್ ಕೂಡ ಕೊಡದೆ ಮಾರಿದ ಕಾರದು. ಮೊದಲ ವರ್ಷ ತಯಾರಾದದ್ದು ಕೇವಲ 20. ಅವುಗಳಲ್ಲಿ ಒಂದು 2014ರ ಜನವರಿಯಲ್ಲಿ ಅರಿಜೋನಾದ ಹರಾಜಿನಲ್ಲಿ 38.5 ಲಕ್ಷ ಡಾಲರಿಗೆ ಮಾರಾಟವಾಯಿತು.

ಈಡೇರದ ಆಸೆ

ಇಷ್ಟೆಲ್ಲ ಸಾಧಿಸಿದರೂ ಕಾರ್ವೆಟ್‌ನ ಮುಖ್ಯ ಎಂಜಿನಿಯರ್ ಎಂಬ ಅಧಿಕೃತ ಹುದ್ದೆ ಡಂಟೋವ್ ಅವರಿಗೆ ದೊರೆತದ್ದು 1960ರ ದಶಕದ ಕೊನೆಯಲ್ಲಿ. ದೊಡ್ಡ ಸಂಸ್ಥೆಯ ಶ್ರೇಣಿವ್ಯವಸ್ಥೆಗೆ ಅವರು ಎಂದೂ ಸುಲಭವಾಗಿ ಒಗ್ಗಿದವರಲ್ಲ.

ಅವರ ಮನದಲ್ಲಿ ಒಂದು ಹಟವಿತ್ತು. ಎಂಜಿನ್ ಮುಂದಿರಬಾರದು, ಚಾಲಕನ ಬೆನ್ನ ಹಿಂದೆ, ಕಾರಿನ ನಡುಭಾಗದಲ್ಲಿರಬೇಕು ಎಂಬುದೇ ಆ ಹಟ. ಹಾಗಿದ್ದರೆ ಹಿಂದಿನ ಚಕ್ರಗಳ ಮೇಲೆ ಭಾರ ಬಿದ್ದು ಹಿಡಿತ ಹೆಚ್ಚುತ್ತದೆ, ತಿರುವುಗಳಲ್ಲಿ ಕಾರು ಮಾತು ಕೇಳುತ್ತದೆ. 1960ರ ಸರ್ವ್‌-1, 1964ರ ಸರ್ವ್‌-2 ಪ್ರಾಯೋಗಿಕ ಕಾರುಗಳಲ್ಲಿ ಅವರು ಇದನ್ನು ಸಾಧಿಸಿ ತೋರಿಸಿದರು. 1970ರಲ್ಲಿ ಇಂಥದೇ ಇನ್ನೊಂದು ಮಾದರಿ ನ್ಯೂಯಾರ್ಕ್ ಪ್ರದರ್ಶನದಲ್ಲಿ ಜನರ ಮನ ಸೂರೆಗೊಂಡಿತು. ಆದರೆ ಪ್ರತಿ ಬಾರಿಯೂ ವೆಚ್ಚದ ನೆಪದಲ್ಲಿ ಆಡಳಿತ ಮಂಡಳಿ ಕಡತ ಮುಚ್ಚಿತು. ಮುಂದೆ ಎಂಜಿನ್ ಇರುವ ಕಾರ್ವೆಟ್ ಚೆನ್ನಾಗಿಯೇ ಮಾರಾಟವಾಗುತ್ತಿರುವಾಗ ಬದಲಾಯಿಸುವುದೇಕೆ ಎಂಬುದು ಲೆಕ್ಕಿಗರ ಪ್ರಶ್ನೆ. ಕಾರ್ವೆಟ್‌ನ ಯಶಸ್ಸೇ ಅದನ್ನು ಯಶಸ್ವಿಗೊಳಿಸಿದವರ ಕನಸಿಗೆ ಮುಳುವಾಯಿತು.

ಇದರ ನಡುವೆ ಅಮೆರಿಕದಲ್ಲಿ ಗಾಳಿ ದಿಕ್ಕು ಬದಲಿಸಿತು. ವಾಯುಮಾಲಿನ್ಯ ತಡೆ ಕಾಯಿದೆ, ವಿಮೆಯ ಹೊರೆ, 1973ರ ತೈಲ ಬಿಕ್ಕಟ್ಟು ಒಟ್ಟಾಗಿ ಬಲಿಷ್ಠ ಎಂಜಿನ್‌ಗಳ ಉಸಿರು ಕಟ್ಟಿಸಿದವು. ಡಂಟೋವ್ ನಿವೃತ್ತರಾದ 1975ರಲ್ಲಿ ಸಾಮಾನ್ಯ ಕಾರ್ವೆಟ್‌ನ ಶಕ್ತಿ 165 ಅಶ್ವಬಲಕ್ಕೆ ಇಳಿದಿತ್ತು. ಅಳೆಯುವ ವಿಧಾನ ಬದಲಾಗಿದ್ದುದನ್ನು ಗಣನೆಗೆ ತೆಗೆದುಕೊಂಡರೂ ಇಳಿಕೆ ದೊಡ್ಡದೇ. ಹೊಣೆ ಡೇವ್ ಮೆಕ್‌ಲೆಲನ್ ಅವರ ಹೆಗಲೇರಿತು. ನಿವೃತ್ತಿಯ ನಂತರವೂ ಡಂಟೋವ್ ಸುಮ್ಮನೆ ಕೂರಲಿಲ್ಲ. ಕಾರ್ವೆಟ್‌ಗೆ ಟರ್ಬೋ ಜೋಡಿಸಿದ ಸೀಮಿತ ಸಂಖ್ಯೆಯ ಕಾರುಗಳು ಅವರ ಹೆಸರು ಹೊತ್ತು ಹೊರಬಂದವು.

ಉಳಿದ ಹಾದಿ

1996ರ ಏಪ್ರಿಲ್ 21ರಂದು, 86ನೆಯ ವಯಸ್ಸಿನಲ್ಲಿ ಡಂಟೋವ್ ಕಣ್ಮುಚ್ಚಿದರು. ಕೆಂಟಕಿಯ ಬೌಲಿಂಗ್ ಗ್ರೀನ್ ನಗರದಲ್ಲಿ ಕಾರ್ವೆಟ್ ವಸ್ತುಸಂಗ್ರಹಾಲಯ ತೆರೆದು ಆಗಿನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಅವರ ಚಿತಾಭಸ್ಮವನ್ನು ಅಲ್ಲಿಯೇ ಇರಿಸಲಾಗಿದೆ.

ಮರುವರ್ಷವೇ, 1997ರಲ್ಲಿ, ಕಾರ್ವೆಟ್ ಪೂರ್ತಿ ಅಲ್ಯುಮಿನಿಯಂನ ಎಲ್‌ಎಸ್‌-1 ಎಂಜಿನ್ ಪಡೆಯಿತು. 5.7 ಲೀಟರ್ ಗಾತ್ರ, 345 ಅಶ್ವಶಕ್ತಿ. ಗಾತ್ರದಲ್ಲಿ ಅಡಕ, ತೂಕದಲ್ಲಿ ಹಗುರವಾದ ಈ ಎಂಜಿನ್ ಮನೆತನವೇ ಇಂದು ಅಮೆರಿಕದ ರೆಸ್ಟೋಮಾಡ್ ಗ್ಯಾರೇಜುಗಳ ಜೀವಾಳ. 1960ರ ದಶಕದ ಕಾರ್ವೆಟ್, ಕಮಾರೊ, ಷೆವೆಲ್ ಕಾರುಗಳ ಬಾನೆಟ್ ಎತ್ತಿದರೆ ಒಳಗೆ ಹಲವೆಡೆ ಕಾಣುವುದು ಇದೇ. ಜೊತೆಗೆ ಡಿಸ್ಕ್ ಬ್ರೇಕ್, ಹೊಸ ಸಸ್ಪೆನ್ಷನ್, ಕಂಪ್ಯೂಟರ್ ನಿಯಂತ್ರಿತ ಇಂಧನ ವ್ಯವಸ್ಥೆ. ಪರೀಕ್ಷಿಸಿ ಸಿದ್ಧಪಡಿಸಿದ ಎಂಜಿನ್‌ಗಳನ್ನು ಪೆಟ್ಟಿಗೆಯಲ್ಲಿಟ್ಟು ಹವ್ಯಾಸಿಗಳಿಗೆ ಷೆವರ್ಲೆ ಕಂಪನಿಯೇ ಮಾರುತ್ತದೆ. 1953ರ ಟಿಪ್ಪಣಿಯಲ್ಲಿ ಡಂಟೋವ್ ಕೇಳಿದ್ದೂ ಇದನ್ನೇ.

ಈಡೇರದೆ ಉಳಿದಿದ್ದ ಆಸೆಯೂ ಕಡೆಗೆ ಈಡೇರಿತು. 2019ರ ಜುಲೈ 18ರಂದು ಷೆವರ್ಲೆ ತನ್ನ ಎಂಟನೇ ತಲೆಮಾರಿನ ಕಾರ್ವೆಟ್ಟನ್ನು ಅನಾವರಣಗೊಳಿಸಿತು. ಅದರ ಎಂಜಿನ್ ಚಾಲಕನ ಬೆನ್ನ ಹಿಂದಿತ್ತು. ಸರ್ವ್‌-1 ಓಡಿದ 1960ರಿಂದ ಲೆಕ್ಕ ಹಾಕಿದರೆ 59 ವರ್ಷ, ಡಂಟೋವ್ ಅಗಲಿ 23 ವರ್ಷ.